ಕೊನೆಯವಳ ಊಟ ಮುಗಿಯುವ ತನಕ

ಮಕ್ಕಳೇ, ನಿಮ್ಮ ಅಮ್ಮ ಪಾಠ ಹೇಳುವ ವಿಶ್ವವಿದ್ಯಾಲಯವನ್ನು ಬೇರೆಯವುಗಳ ಜೊತೆ ತೂಗಿ ಅಂಕ ಕೊಡುವ ಕಾಲ ಬಂತೆಂದರೆ ಈ ಬಂಗಾಳಿ ಊರಿನ ಲೇಕ್ ಗಾರ್ಡನ್ಸ್ ಮನೆಯಲ್ಲಿ ಇರುವುದೇ ಬೇಡ ಅನ್ನಿಸುತ್ತದೆ. ಕುಕ್ಕರ್ ಕೂಗಿದರೂ ಅವಳಿಗೆ ಕೇಳುವುದಿಲ್ಲ. ಇಷ್ಟು ಅಧ್ಯಾಪಕರು, ಇಷ್ಟು ಖರ್ಚು, ಅದಕ್ಕೆ ಎಷ್ಟು ಮಂದಿ ಹೇಳಿದ ಅವಧಿಯೊಳಗೆ ಪದವಿ ಪಡೆದರು ಎಂಬ ಒಂದೇ ಮಾತು. ಹಳ್ಳಿಶಾಲೆಯಲ್ಲಿ ಓದಿದ ಈ ಅಜ್ಜಿಗೆ ಇದರಲ್ಲಿ ಬಾಯಿ ಹಾಕಲು ಸಂಕೋಚ. ಸಿಟ್ಟು ಮಾತ್ರ ಬರುತ್ತದೆ.

ಹೋದ ವರ್ಷ ಆ ಲೆಕ್ಕಕ್ಕೆ ಅಡ್ಡ ಬಂದವಳು ನಿಮ್ಮ ಅಮ್ಮನ ಶಿಷ್ಯೆಯೊಬ್ಬಳು. ತಾಯಿಯ ಕಾಯಿಲೆಯಿಂದ ಓದು ನಿಂತು, ಮತ್ತೆ ಸೇರಿದ್ದಳು. ಅವಧಿ ಮುಗಿದರೂ ಪ್ರಬಂಧ ಮುಗಿದಿರಲಿಲ್ಲ. ಅವಳ ಹೆಸರು ತೆಗೆದರೆ ವಿಭಾಗದ ಅಂಕ ಏರುತ್ತದೆ, ಒಪ್ಪಿ ಸಹಿ ಹಾಕಿ ಎಂದು ವಿಭಾಗದ ಮುಖ್ಯಸ್ಥರು ಬೆನ್ನು ಹತ್ತಿದ್ದರು. ಚೌತಿಯ ದಿನ ಇವಳು ಆ ಇಬ್ಬರನ್ನೂ ಊಟಕ್ಕೆ ಕರೆಯಬೇಕೇ!

“ಎಂಥ ಮಾರಾಯ್ತಿ, ಬೇರೆ ದಿನ ಇರ್ಲಿಲ್ವಾ ನಿಂಗೆ?”

“ನೀನು ಬಡಿಸಮ್ಮ, ಸಾಕು.”

ಎಲೆ ಹಾಕಿ ನೆಲಕ್ಕೇ ಕೂರಿಸಿದೆವು. ಮುಖ್ಯಸ್ಥರು ಸರಸರನೆ ಪಾಯಸ ಮುಗಿಸಿ ಏಳಲು ಹೊರಟರು. ಆ ಹುಡುಗಿ ಇನ್ನೂ ಸಾರನ್ನದಲ್ಲೇ ಇದ್ದಳು.

“ಕೂತ್ಕೊಳ್ಳಿ ಸರ್,” ಎಂದು ನಿಮ್ಮ ಅಮ್ಮ ಬಂಗಾಳಿಯಲ್ಲಿ ಹೇಳಿದಳು. “ನಮ್ಮಲ್ಲಿ ಕೊನೆಯವರ ಊಟ ಆಗುವ ತನಕ ಪಂಕ್ತಿಯಿಂದ ಯಾರೂ ಏಳುವ ಹಾಗಿಲ್ಲ.”

ಅವರು ಚಿಕ್ಕಮ್ಮಾ ಎನ್ನುವ ಹಾಗೆ ತಮ್ಮ ಭಾಷೆಯಲ್ಲಿ ಕರೆಯುತ್ತಾ ನನ್ನ ಕಡೆ ತಿರುಗಿದರು. “ಮಾಶಿಮಾ, ಇದು ನಿಜವಾ, ಇಲ್ಲ ನನ್ನನ್ನು ಕಟ್ಟಿಹಾಕೋ ಉಪಾಯವಾ?”

ಹೊರಗಿನವರೊಡನೆ ನನಗೆ ಮಾತು ಹೊರಡುವುದಿಲ್ಲ. ನಿಜವೆಂದು ತಲೆಯಾಡಿಸಿ, ಹುಡುಗಿಗೆ ಇನ್ನಷ್ಟು ಅನ್ನ ಬಡಿಸಿದೆ. ಅವಳು ಗಾಬರಿಯಿಂದ ಗಬಗಬ ನುಂಗತೊಡಗಿದಳು.

“ಅರೆ, ನಿಧಾನ! ಗಂಟಲಿಗೆ ಸಿಕ್ಕೀತು,” ಎಂದರು ಮುಖ್ಯಸ್ಥರು. “ನಾನೇನು ಓಡಿಹೋಗ್ತೀನಾ?”

ಅವರ ಕೈ ಒಣಗಿ ಬಿಳಿಚಿತು. ಕೊನೆಗೆ ಅವಳ ಊಟ ಮುಗಿದ ಮೇಲೆ ತೊಳೆದು ಬಂದು, ನಿಮ್ಮ ಅಮ್ಮನಿಗೆ, “ಆ ಸಹಿ ಬೇಡ, ಬಿಡಿ. ಬೈಸಿಕೊಳ್ಳೋದು ನಾನು ತಾನೇ?” ಎಂದರು.

ಅಂಕ ಇಳಿಯಿತು. ಅವರು ಮೇಲಿನವರಿಂದ ಬೈಸಿಕೊಂಡರು, ಬಂದು ನಿಮ್ಮ ಅಮ್ಮನಿಗೂ ಬೈದರು. ಈ ವರ್ಷ ಮತ್ತೆ ಅದೇ ತೂಗಾಟ, ಅದೇ ಕೂಗುವ ಕುಕ್ಕರ್. ಆ ಹುಡುಗಿಯ ಕೊನೆಯ ಅಧ್ಯಾಯ ಇನ್ನೂ ಬಾಕಿ. ಭಾನುವಾರ ಪಾಠಕ್ಕೆ ಬಂದವಳು ಊಟಕ್ಕೆ ಕೂರುತ್ತಾಳೆ. ನಮ್ಮೆಲ್ಲರ ಕೈ ಒಣಗುತ್ತದೆ. ಸ್ವಲ್ಪ ಬೇಗ ಉಣ್ಣೇ ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ; ಆದರೆ ಹೇಳಲಾರೆ.