ಅವ್ವ ಕಳಿಸಿದ ಎರಡು ಗಿಳಿ

ನನಗಾಗ ಮೂವತ್ತೊಂದು ವರ್ಷ. ಇಂದಿಗೆ ನಲವತ್ನಾಲ್ಕು ವರ್ಷದ ಹಿಂದಿನ ಮಾತು. ಊರಿಗೆಲ್ಲ ಬೋರ್ಡು ಬರೆದ ನನ್ನವ್ವನಿಗೆ ಓದಲು ಬರುವುದಿಲ್ಲ ಎಂಬುದು ಆ ದಿನ ನನಗೆ ಗೊತ್ತಾಯಿತು. ಅದೂ ಎಲ್ಲಿ? ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ, ದೋಸೆ ತಿನ್ನುವ ಮಂದಿಯ ಎದುರು.

ಇದು ಈಗ ಯಾಕೆ ನೆನಪಾಯಿತು? ಕಳೆದ ವಾರ ಸಾಂತಾಕ್ರೂಜಿನಲ್ಲಿರುವ ಮಗನಿಗೆ ಮೊಬೈಲಿನಲ್ಲಿ ಒಂದು ಉದ್ದ ಮೆಸೇಜು ಹಾಕಿದೆ. ಒಂದೊಂದೇ ಅಕ್ಷರ ಒತ್ತಿ, ಮುಕ್ಕಾಲು ತಾಸು. ಮೊಣಕಾಲಿನ ಆಪರೇಷನ್ ನನಗೆ ಬೇಡ, ಹೆದರಿಕೆಯಾಗುತ್ತದೆ ಅಂತ. ತಿರುಗಿ ಏನು ಬಂತು? ಒಂದು ಹೆಬ್ಬೆರಳು. ಮೇಲೆತ್ತಿದ ಹೆಬ್ಬೆರಳು, ಅಷ್ಟೇ.

ಪಕ್ಕದಲ್ಲಿದ್ದ ಮಗಳ ಮಗಳಿಗೆ ತೋರಿಸಿದೆ.

"ಅಜ್ಜಿ, ಬ್ಲೂ ಟಿಕ್ ಬಂದಿದೆ ನಾ? ಮತ್ಲಬ್ ಮಾಮಾ ನೋಡಿದಾರೆ."

"ನೋಡಿದ್ದು ಗೊತ್ತಾತು. ಓದ್ಯಾನೋ ಇಲ್ಲೋ?"

"ವೋ ಕೈಸೆ ಪತಾ ಚಲೇಗಾ, ಅಜ್ಜಿ!"

ಹೌದಲ್ಲ, ಹೇಗೆ ಗೊತ್ತಾಗಬೇಕು? ನನಗೂ ಇಷ್ಟು ವರ್ಷ ಗೊತ್ತಾಗಿಲ್ಲ.

ನನ್ನವ್ವ ಶಾಂತವ್ವ. ಬನಹಟ್ಟಿಯ ಕಡೆಯ ಒಂದು ಸಣ್ಣ ಊರಿನಲ್ಲಿ ಪೇಂಟರ್. ಮೊದಲು ಅಪ್ಪ ಪೇಂಟರ್ ಆಗಿದ್ದ, ಅವ್ವ ಏಣಿ ಹಿಡಿಯುತ್ತಿದ್ದಳು. ನನಗೆ ಐದು ವರ್ಷವಿದ್ದಾಗ ಅಪ್ಪ ಸತ್ತ. ಹದಿನೈದು ದಿನ ಕಳೆಯುವುದರೊಳಗೆ ಅವ್ವ ಏಣಿ ಹತ್ತಿದಳು. (ಹಿಡಿಯಲು ನಾನು.) ಹೆಂಗಸು ಏಣಿ ಹತ್ತಿದರೆ ಊರು ಸುಮ್ಮನಿರುತ್ತದೆಯೇ? ಅವಳು ಕಚ್ಚೆ ಬಿಗಿದು ಮೇಲಿನಿಂದಲೇ ಹೇಳುತ್ತಿದ್ದಳು, "ಕೆಳಗ ನಿಂತ ನೋಡಾವ್ರ ಮಾರಿ ಮ್ಯಾಲ ಬಣ್ಣಾ ಬಿದ್ರ ನಾ ಜವಾಬ್ದಾರಿ ಅಲ್ರೆಪಾ."

ಕಿರಾಣಿ ಅಂಗಡಿ, ಸೈಕಲ್ ಶಾಪು, ಲಾರಿಯ ಹಿಂಭಾಗ, ದವಾಖಾನೆ. ಅವಳ ಅಕ್ಷರಕ್ಕೆ ಕಪ್ಪು ನೆರಳು ಇರುತ್ತಿತ್ತು. ದೂರದಿಂದ ನೋಡಿದರೆ ಗೋಡೆ ಬಿಟ್ಟು ಎದ್ದು ಬಂದ ಹಾಗೆ. ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆದು ರೊಟ್ಟಿ ಬಡಿಯುತ್ತಿದ್ದಳು. ಸೀಮೆಎಣ್ಣೆ ನಾರುವ ರೊಟ್ಟಿ ತಿಂದೇ ನಾನು ಬೆಳೆದದ್ದು. ಮೊದಲ ರೊಟ್ಟಿ ನನಗೆ, ಹರಿದ ರೊಟ್ಟಿ ಅವಳಿಗೆ.

ಶಾಲೆಗೆ ಬಡಿದು ಕಳಿಸುತ್ತಿದ್ದಳು. ನಾಲ್ಕನೇ ಇಯತ್ತೆಗೆ ನಾನೇ ಬಿಟ್ಟೆ. ಅಪ್ಪ ಸತ್ತಾಗ ಅಳದವಳು ಅಂದು ಅತ್ತಳು. (ಆ ನಾಲ್ಕನೇ ಇಯತ್ತೆಯ ಬಂಡವಾಳದಲ್ಲೇ ಈ ಅಂಕಣ ನಡೆಯುತ್ತಿದೆ. ತಪ್ಪು ತಿದ್ದುವುದು ಸಂಪಾದಕರ ಪ್ರಾರಬ್ಧ.) ಗಿರಾಕಿಗಳು ಕೊಟ್ಟ ಚೀಟಿಯನ್ನು ಸಂಜೆ ನನ್ನ ಮುಂದೆ ಹಿಡಿಯುತ್ತಿದ್ದಳು. "ಓದ ನೋಡೂಣು, ಸಾಲಿಗೆ ಹೋಗಿ ಏನ ಕಿಸದೀ?" ನಾನು ಓದುತ್ತಿದ್ದೆ. ಅವಳು ತಲೆ ಆಡಿಸುತ್ತಿದ್ದಳು. ಪರೀಕ್ಷೆ ಅಂದುಕೊಂಡಿದ್ದೆ. ಮೂರ್ಖಿ ನಾನು.

ಹದಿನೇಳಕ್ಕೆ ಮದುವೆ. ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರದ ಗಂಡ, ಚಾಳಿನಲ್ಲಿ ಒಂದು ಖೋಲಿ. ಅವ್ವನಿಗೆ ಪತ್ರ ಬರೆಯುತ್ತಿದ್ದೆ. ಅವಳಿಂದ ಬರುತ್ತಿದ್ದದ್ದು ಚಿತ್ರ: ಕಾರ್ಡಿನ ಮೇಲೆ ನವಿಲು, ಬದನೆಕಾಯಿ, ಒಮ್ಮೆ ನಮ್ಮ ಎಮ್ಮೆ. ವಿಳಾಸವನ್ನು ನನ್ನ ಪತ್ರ ನೋಡಿ ಇದ್ದ ಹಾಗೇ ತೆಗೆಯುತ್ತಿದ್ದಳು, ಅಲ್ಲಿ ಬಿದ್ದ ಮಸಿಯ ಚುಕ್ಕೆಯನ್ನೂ ಬಿಡದೆ. ಪೇಂಟರಮ್ಮನ ಶೋಕಿ ಅಂದುಕೊಂಡೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ಬರೆದೆ. ಇವರು ಹೊಡೆಯುತ್ತಾರೆ, ಇಲ್ಲಿ ನಾನು ಉಳಿಯುವುದಿಲ್ಲ, ಬಂದು ಕರೆದುಕೊಂಡು ಹೋಗು ಅಂತ. ಮೊದಲು ಎರಡು ಹಾಳೆಯಲ್ಲಿ ಬರೆದು ಹರಿದೆ. ಆಮೇಲೆ ಪತ್ರದಲ್ಲಿ ಒಂದೊಂದೇ ಅಕ್ಷರ, ನಿಧಾನವಾಗಿ. ಅವಳಿಗೆ ಒಂದು ಮಾತೂ ತಪ್ಪಿಹೋಗಬಾರದಲ್ಲ.

ಅವ್ವ ಬರಲಿಲ್ಲ. ಕಾರ್ಡು ಬಂತು. ಮಾವಿನ ಟೊಂಗೆಯ ಮೇಲೆ ಎರಡು ಗಿಳಿ, ಕೊಕ್ಕಿಗೆ ಕೊಕ್ಕು.

ಏನರ್ಥ? ಹೊಂದಿಕೊಂಡು ಬಾಳು ಅಂತ ತಾನೇ? ಹಾಗಂತಲೇ ತಿಳಿದೆ. ಆ ಗಿಳಿಗಳ ಕುತ್ತಿಗೆ ಮುರಿಯಬೇಕು ಅನಿಸಿತ್ತು. ಮುಂದೆ ಎರಡು ಬಾಣಂತನಕ್ಕೆ ಊರಿಗೆ ಹೋದರೂ ಆ ಮಾತು ಎತ್ತಲಿಲ್ಲ. ಓದಿಯೂ ಬಾರದವಳ ಹತ್ತಿರ ಏನು ಕೇಳುವುದು? ಹೊಡೆತ ಒಂದು ದಿನ ನಾನು ಸೌಟು ಎತ್ತಿದ ಮೇಲೆ ನಿಂತಿತು. ಸಿಟ್ಟು ನಿಲ್ಲಲಿಲ್ಲ.

ಹನ್ನೆರಡು ವರ್ಷದ ಮೇಲೆ ಅವ್ವ ಮೊದಲ ಸಲ ಮುಂಬಯಿಗೆ ಬಂದಳು. ನಮ್ಮವರು ತರಕಾರಿ ಹಾಕುತ್ತಿದ್ದ ಹೋಟೆಲಿನ ಶೆಟ್ಟರಿಗೆ ಸುದ್ದಿ ಹೋಯಿತು. "ಅಮ್ಮ, ನಮ್ಮೂರಿನವರು ತುಂಬ ಬರ್ತಾರೆ. ತಿಂಡಿ ಹೆಸರು ಕನ್ನಡದಲ್ಲಿ ಒಂದು ಬೋರ್ಡು ಬರ್ದುಕೊಡಿ ಮಾರಾಯ್ರೆ" ಅಂತ ಒಂದು ಚೀಟಿ ಕೊಟ್ಟರು. ಮಧ್ಯಾಹ್ನ ಹೋಟೆಲ್ ಖಾಲಿ ಇದ್ದಾಗ ಅವ್ವ ಬರೆಯಲು ಕುಳಿತಳು. ಸಂಜೆ ಕರೆತರಲು ನಾನು ಹೋದಾಗ ಇಡೀ ಹೋಟೆಲು ನಗುತ್ತಿತ್ತು.

ಚೀಟಿಗೆ ಎರಡು ಬದಿ. ಒಂದು ಬದಿ ತಿಂಡಿ. ಇನ್ನೊಂದು ಬದಿ ಶೆಟ್ಟರು ಅಂಗಡಿಯಿಂದ ತರಿಸಬೇಕಾದ ಸಾಮಾನು. ಅವ್ವ ಹಳದಿ ಹೂವಿನ ಬಾರ್ಡರು ಹಾಕಿ, ಕೆಂಪು ಅಕ್ಷರಕ್ಕೆ ಕಪ್ಪು ನೆರಳು ಕೊಟ್ಟು, ಮುದ್ದಾಗಿ ಬರೆದಿದ್ದಳು: ಫಿನೈಲ್ ನಾಲ್ಕು ಬಾಟಲಿ. ಹಿಡಿಸೂಡಿ ಆರು. ಇಲಿ ಪಾಷಾಣ ಎರಡು ಪೊಟ್ಟಣ.

"ಶೆಟ್ರೇ, ಒಂದು ಪ್ಲೇಟ್ ಇಲಿ ಪಾಷಾಣ, ಚಟ್ನಿ ಜಾಸ್ತಿ!" ಅಂದ ಒಬ್ಬ.

"ಅದು ಕೊಡ್ಲಿಕ್ಕಿಲ್ಲ ಮಾರಾಯ. ತಿಂದವ ಬಿಲ್ ಕೊಡ್ಲಿಕ್ಕೆ ಉಳಿಯುದಿಲ್ಲ."

ಅವ್ವನೂ ನಗುತ್ತಿದ್ದಳು. ಆದರೆ ನಗುವವರೆಲ್ಲ ಬೋರ್ಡು ನೋಡುತ್ತಿದ್ದರು, ಅವಳು ನನ್ನ ಮುಖ ನೋಡುತ್ತಿದ್ದಳು. ನಗುವಂಥದ್ದು ಅಲ್ಲೇನಿದೆ ಅಂತ.

ಆಗ ತಿಳಿಯಿತು.

"ಅವ್ವಾಗ ಚಾಳೀಸು ಬಂದೈತ್ರಿ, ಚಷ್ಮಾ ಮನ್ಯಾಗ ಬಿಟ್ಟಾಳ" ಅಂದೆ. ಚೀಟಿ ತಿರುವಿ ಅವಳ ಕೈಗಿಟ್ಟೆ. ಅವಳು ಟರ್ಪೆಂಟೈನಿನಲ್ಲಿ ಒರೆಸಿ, ಅದೇ ಬೋರ್ಡಿನ ಮೇಲೆ ಅಷ್ಟೇ ಮುದ್ದಾಗಿ ಇಡ್ಲಿ, ವಡೆ ಬರೆದಳು.

ಮನೆಗೆ ಬಂದು ಕೇಳಿದೆ, "ಅವ್ವಾ, ನನ್ನ ಪತ್ರಾ ಯಾರ ಓದಿ ಹೇಳತಿದ್ರು?"

"ಯಾರ್ಯಾಕ ಓದಬೇಕು? ಮಗಳ ಪತ್ರಾ ಊರ ಮಂದಿ ಕೈಯಾಗ ಕೊಡ್ಲೇನು?"

"ಮತ್ತ ನಿನಗ ಹ್ಯಾಂಗ ತಿಳೀತಿತ್ತು?"

"ಅಕ್ಷರಾ ನೋಡಿದ್ರ ತಿಳೀತದ. ನಿನಗ ಜಡ್ಡಾದ್ರ ತೆಳ್ಳಗ. ಗಡಿಬಿಡಿ ಇದ್ರ ಸಾಲು ಇಳೀತಿದ್ವು."

"ನೀಲಿ ಪತ್ರಾ ನೆನಪೈತೇನು?"

ಅವಳ ಮುಖ ಅರಳಿತು. "ಅದಾ! ಅಷ್ಟ ಚಂದ ನೀ ಎಂದೂ ಬರದಿಲ್ಲ ನೋಡವಾ. ಸಾಲು ನೆಟ್ಟಗ, ಅಕ್ಷರಾ ಗುಂಡಗ. ಗಂಡಾ ಹೇಣ್ತಿ ಸುಖದಾಗ ಅದಾರ ಅಂತ ಎರಡು ಗಿಳಿ ತಗದ ಕಳಿಸಿದೆ."



ನಂಬಬೇಕೋ ಬೇಡವೋ, ಇಂದಿಗೂ ತಿಳಿಯುತ್ತಿಲ್ಲ. ಓದಲು ಬಾರದ್ದನ್ನು ಇಡೀ ಊರಿನಿಂದ ಮುಚ್ಚಿಟ್ಟವಳು ಇದೊಂದು ಮಾತು ಕಟ್ಟಲಾರಳೇ? ಯಾರಿಂದಲೋ ಓದಿಸಿ, ಕೇಳಿ, ಕೈಯಲ್ಲಾಗದೆ ಸುಮ್ಮನಿದ್ದಿರಬಹುದು. ಅಥವಾ ಗಿಳಿ ಬರೀ ಗಿಳಿಯೇ ಇದ್ದಿರಬಹುದು. ಹಾಗಾದರೆ ಹನ್ನೆರಡು ವರ್ಷ ಮೇಯಿಸಿದ ಸಿಟ್ಟನ್ನು ಯಾರ ಗೂಟಕ್ಕೆ ಕಟ್ಟಲಿ?

ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಊರಿನಲ್ಲಿ ಅವಳ ಬೋರ್ಡು ಒಂದೂ ಇಲ್ಲ, ಎಲ್ಲ ಫ್ಲೆಕ್ಸು. ಈಗ ಓದಲು ಬಂದವರೇ ಚಿತ್ರ ಕಳಿಸುತ್ತಾರೆ. ಸತ್ತ ಸುದ್ದಿಗೂ ಮುಗಿದ ಕೈ, ಸತ್ಯನಾರಾಯಣ ಪೂಜೆಗೂ ಮುಗಿದ ಕೈ. ನನ್ನವ್ವ ಅಕ್ಷರವನ್ನಾದರೂ ಗಮನವಿಟ್ಟು ನೋಡುತ್ತಿದ್ದಳು. ಇವರು?

ಆ ಸಂಜೆ ಅವ್ವನಿಗೆ ಹಾಸಿಗೆ ಹಾಸಿಕೊಟ್ಟೆ. ಮರುದಿನ ಬೆಳಿಗ್ಗೆ ಅವಳ ಕೈಗೆ ಚಹಾ ಕೊಟ್ಟು, ಎದುರಿಗೆ ಕುಳಿತು, ಆ ಪತ್ರವನ್ನು ಬಾಯಿಯಲ್ಲೇ ಓದಿದೆ. ಮೊದಲಿನಿಂದ ಕೊನೆಯವರೆಗೆ, ಬಾಯಿಪಾಠವಾಗಿತ್ತು. ಮೂಲೆಯಲ್ಲಿ ಗಡ್ಡ ಹೆರೆಯುತ್ತಿದ್ದ ನಮ್ಮವರ ಕೈ ನಿಂತಿತು. ಅವ್ವ ಪೂರ್ತಿ ಕೇಳಿದಳು. ಚಹಾ ಮುಗಿಸಿದಳು. ಎದ್ದು ನನ್ನ ಟ್ರಂಕು ಎಳೆದು, ಸೀರೆಗಳನ್ನು ಒಂದೊಂದೇ ಮಡಚಿ ಅದಕ್ಕೆ ತುಂಬತೊಡಗಿದಳು.

"ಏನ ಮಾಡಾಕತ್ತೀ ಅವ್ವಾ?"

"ಬಾ ಅಂದೆಲ್ಲಾ. ಬಂದೀನಿ. ನಡಿ."

ಮಕ್ಕಳ ಶಾಲೆಗೆ ಹೊತ್ತಾಗಿತ್ತು. ನಾನು ಡಬ್ಬಿಯ ಚಪಾತಿಗೆ ಹಿಟ್ಟು ಕಲಸಲು ಕುಳಿತೆ.