ಆಗಲ್ಲ ಎನ್ನುವ ಡ್ರೈವರು

ಯಶವಂತಪುರದ ಮಾರುಕಟ್ಟೆಯ ಪಕ್ಕದ ಲಾರಿ ಆಫೀಸೊಂದರಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಊರೂರಿಗೆ ಲೋಡು ಕಳಿಸುತ್ತಿದ್ದೇನೆ. ಆದರೆ ನನಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಅಮೃತಹಳ್ಳಿಯಿಂದ ಸಿಟಿ ಬಸ್ಸಿನಲ್ಲಿ ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ತಿರುವಿನಲ್ಲಿ ಈಗಲೂ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತೇನೆ. ಆಫೀಸಿನ ಕುರ್ಚಿಯಲ್ಲಿ ಕೂತ ಮೇಲೆ ಮಾತ್ರ, ಶಿರಾಡಿ ಘಾಟಿಯನ್ನು ಹೇಗೆ ಇಳಿಯಬೇಕೆಂದು ಡ್ರೈವರುಗಳಿಗೆ ಹೇಳಿಕೊಡಲು ನನಗೆ ಯಾವ ಸಂಕೋಚವೂ ಇಲ್ಲ. ಪಾಪ, ಅವರೂ ಕೇಳಿಸಿಕೊಳ್ಳುತ್ತಾರೆ.

ಕೆಲಸವಿಲ್ಲದಾಗ ಡ್ರೈವರುಗಳನ್ನು ನೋಡುತ್ತಾ ಕೂರುವುದು ನನ್ನ ಚಟ. ಹಳಬರು ಲಾರಿ ಹತ್ತುವುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಚಪ್ಪಲಿ ಬಿಟ್ಟು, ಅದನ್ನು ಕೈಯಲ್ಲಿ ಹಿಡಿದು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುತ್ತಾರೆ. ನಮ್ಮ ಜನ ಎಲ್ಲೆಲ್ಲಿ ಚಪ್ಪಲಿ ಬಿಡುತ್ತಾರೆ ಎಂದು ಒಮ್ಮೆ ಲೆಕ್ಕ ಹಾಕಿದ್ದೆ. ದೇವಸ್ಥಾನ, ಅಡುಗೆಮನೆ, ರಾಗಿ ಒಕ್ಕುವ ಕಣ, ಕುಂಬಾರನ ತಿಗರಿಯ ಮುಂದೆ. ಅನ್ನ ಹುಟ್ಟುವ ಜಾಗಗಳಲ್ಲೆಲ್ಲ ಬಿಡುತ್ತಾರೆ ಎಂದರೆ ಲಾರಿಯೂ ಆ ಪಟ್ಟಿಗೆ ಸೇರಬೇಕಾದದ್ದೇ. ಹೊಸ ಹುಡುಗರು ಬೂಟು ಹಾಕಿಕೊಂಡೇ ಹತ್ತುತ್ತಾರೆ. ಬರಿಗಾಲು ಬ್ರೇಕಿನ ಮೇಲೆ ಜಾರುತ್ತದೆ ಎಂಬುದು ಅವರ ವಾದ. ಅದೂ ಅನ್ನದ ಮೇಲಿನ ಗೌರವವೇ ಇರಬಹುದು, ನನಗೆ ಇನ್ನೂ ಖಾತ್ರಿಯಾಗಿಲ್ಲ.

ನಮ್ಮಲ್ಲಿ ಹಳಬರೆಂದರೆ ತಿಮ್ಮಣ್ಣ. ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವರು, ಸ್ಟೇರಿಂಗ್ ಹಿಡಿದು ಮೂವತ್ತೆಂಟು ವರ್ಷ. ಜ್ವರದಲ್ಲಿ ಲಾರಿ ಓಡಿಸಿದ್ದಾರೆ, ಮಗಳ ನಾಮಕರಣದ ದಿನ ಎಲೆ ಮುಂದಿನಿಂದ ಎದ್ದು ಹೊರಟಿದ್ದಾರೆ. ಮಾಲೀಕರು ಹೋಗು ಎಂದ ಮೇಲೆ ಆಗಲ್ಲ ಎಂದವರೇ ಅಲ್ಲ. ಹೊಸಬ ಎಂದರೆ ಬಸವರಾಜ, ಬಾಗಲಕೋಟೆ ಕಡೆಯವನು, ಬಂದು ಎರಡು ವರ್ಷವಾಗಿಲ್ಲ. ಬಂದ ಹೊಸತರಲ್ಲೇ ಒಂದು ದಿನ ಮಾಲೀಕರು, ಟ್ರಿಪ್ಪು ಮುಗಿಸಿ ಈಗ ತಾನೇ ಬಂದಿದ್ದೀಯ, ಹಾಗೇ ಹುಬ್ಬಳ್ಳಿಗೆ ಒಂದು ಲೋಡು ಹಾಕಿಬಿಡು ಎಂದರು. ಅವನು ತಲೆ ಕೆರೆದುಕೊಳ್ಳದೆ, ದನಿ ಏರಿಸದೆ ಹೇಳಿದ:

"ನಿದ್ದಿ ಆಗಿಲ್ರೀ ಸಾವ್ಕಾರ್ರ. ಇವತ್ತ ಆಗಂಗಿಲ್ಲ."

ಮಾಲೀಕರು ಸರಿ ಎಂದು ಬೇರೆ ಗಾಡಿ ಹುಡುಕಿದರು. ತಿಮ್ಮಣ್ಣನವರಿಗೆ ಮಾತ್ರ ಒಂದು ವಾರ ಅದು ಜೀರ್ಣವಾಗಲಿಲ್ಲ. ನನ್ನ ಮೇಜಿನ ಮುಂದೆ ಕೂತು, "ನಮ್ ಕಾಲ್ದಾಗೆ ಇಂಗಂದಿದ್ರೆ ಬೀಗದ ಕೈ ಕಿತ್ಕೊಂಡು ಮನೇಗ್ ಕಳಿಸೋರು" ಎನ್ನುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಒಳಗೊಳಗೆ ನನಗೆ ಹೊಟ್ಟೆಕಿಚ್ಚು. ಭಾನುವಾರ ಬಾ ಎಂದಾಗಲೆಲ್ಲ ಬಂದು ಕೂತವನು ನಾನು. ಹೆಂಡತಿಯ ಮುಂದೆ ಎಷ್ಟೋ ಸಲ ಆಗಲ್ಲ ಎಂದಿದ್ದೇನೆ, ಮಾಲೀಕರ ಮುಂದೆ ಒಮ್ಮೆಯೂ ಅಂದಿಲ್ಲ. ಈ ಹುಡುಗರಿಗೆ ಅದನ್ನು ಯಾರು ಕಲಿಸಿದರು? ಒಂದು ದಿನ ಬಸವರಾಜನನ್ನೇ ಕೇಳಿದೆ. ಮನೆಯಲ್ಲಿ ಸಣ್ಣ ಮಗಳಿದ್ದಾಳೆ, ಅಷ್ಟೇ ಎಂದು ನಕ್ಕ. ಮಗಳು ತಿಮ್ಮಣ್ಣನವರಿಗೂ ಇದ್ದಳಲ್ಲ ಎಂಬುದು ಅವನು ಹೋದ ಮೇಲೆ ಹೊಳೆಯಿತು. ಪ್ರೀತಿ ಎರಡೂ ಕಡೆ ಇತ್ತು. ಒಬ್ಬರು ಅದಕ್ಕಾಗಿ ಹೊರಟರು, ಇನ್ನೊಬ್ಬ ಅದಕ್ಕಾಗಿ ನಿಂತ.

ಕಳೆದ ತಿಂಗಳು ಒಂದು ಬೆಳಗ್ಗೆ ತಿಮ್ಮಣ್ಣ ಮಂಗಳೂರಿಗೆ ಆಲೂಗಡ್ಡೆ ಹೊತ್ತು ಹೊರಡಬೇಕಿತ್ತು. ಹೊರಡುವ ಮುನ್ನ ಕಬ್ಬಿಣದ ರಾಡು ಹಿಡಿದು ಲಾರಿ ಸುತ್ತಿ ಒಂದೊಂದು ಟೈರಿಗೂ ಬಡಿಯುವುದು ಅವರ ಪದ್ಧತಿ. ಗಾಳಿ ತುಂಬಿದ ಟೈರು ಠಣ್ ಎಂದು ಸದ್ದು ಮಾಡುತ್ತದೆ, ಗಾಳಿ ಇಳಿದದ್ದು ಧಬ್ ಎನ್ನುತ್ತದೆ. ಹೊಸಬರು ಮೀಟರು ಇಟ್ಟು ನೋಡುತ್ತಾರೆ. ನನಗೆ ಕಿವಿಯಿದೆ, ಮೀಟರು ಯಾಕೆ ಎಂಬುದು ತಿಮ್ಮಣ್ಣನವರ ಹೆಮ್ಮೆ. ಆ ದಿನವೂ ಬಡಿದರು. ಠಣ್, ಠಣ್, ಠಣ್. ಹಿಂದಿನ ಜೋಡಿಯ ಒಳಟೈರು ಧಬ್ ಎಂದಿತು. ತಿಮ್ಮಣ್ಣ ಮುಂದಿನದಕ್ಕೆ ಹೋದರು.

ಪಕ್ಕದಲ್ಲಿ ತನ್ನ ಗಾಡಿ ಒರೆಸುತ್ತಿದ್ದ ಬಸವರಾಜ ಕೈ ನಿಲ್ಲಿಸಿದ. ಕಾಕಾ, ಒಳಗಿಂದು ಇನ್ನೊಮ್ಮೆ ಬಡೀರಿ ಎಂದು ಕೂಗಿ ಹೇಳಿದ. ಅವರು ಬೇಸರದಿಂದಲೇ ಬಡಿದರು. ಮತ್ತೆ ಧಬ್. ಗಟ್ಟಿಯಾಗೈತೆ ಎಂದರು. ಆಗ ಬಸವರಾಜ ಟೈರು ಬಿಟ್ಟು ಅವರ ಮುಖ ನೋಡಿದ. ಮೀಟರು ತಂದು ಇಟ್ಟ, ಗಾಳಿ ಅರ್ಧಕ್ಕರ್ಧ ಇರಲಿಲ್ಲ. ಹುಡುಕಿದರೆ ಮೊಳೆ. ಇಬ್ಬರೂ ಸೇರಿ ಸ್ಟೆಪ್ನಿ ಹಾಕಿದರು. ರಾಡು ಸವೆದಿದೆ ಎಂದು ತಿಮ್ಮಣ್ಣ ರಾಡನ್ನು ಬೈದರು.

ನಾನು ಬಾಗಿಲಲ್ಲಿ ನಿಂತು ಹಳೆಯದನ್ನೆಲ್ಲ ಕೂಡಿಸುತ್ತಿದ್ದೆ. ಆರು ತಿಂಗಳಿಂದ ತಿಮ್ಮಣ್ಣ ಫೋನು ಬಂದರೆ ನೆಟ್‌ವರ್ಕ್ ಸರಿಯಿಲ್ಲ, ಏನಂತಾರೆ ನೋಡು ಎಂದು ನನ್ನ ಕೈಗೆ ಕೊಡುತ್ತಿದ್ದರು. ಆರು ತಿಂಗಳಿಂದ ನಾನು ನೆಟ್‌ವರ್ಕನ್ನು ಬೈಯುತ್ತಿದ್ದೆ. ಮೂವತ್ತೆಂಟು ವರ್ಷ ಇಂಜಿನ್ನಿನ ಪಕ್ಕದಲ್ಲೇ ಕೂತ ಕಿವಿ ಅದು.

ತಿಮ್ಮಣ್ಣ ಮೆಟ್ಟಿಲ ಮೇಲೆ ಕಾಲಿಟ್ಟರು. ಹಿಂದೆ ನಿಂತಿದ್ದ ಬಸವರಾಜ ಮೆಲ್ಲಗೆ, ಬಹಳ ಮೆಲ್ಲಗೆ ಕೇಳಿದ:

"ಕಾಕಾ, ಘಾಟಿನ್ಯಾಗ ತಿರುವಿನ ಹಾರ್ನು ಕೇಳತೈತೇನ್ರಿ?"

ಅಷ್ಟು ದೂರದಲ್ಲಿದ್ದ ನನಗೆ ಕೇಳಿಸಿತು. ತಿಮ್ಮಣ್ಣ ಹತ್ತಿ ಕೂತು ಬಾಗಿಲು ಎಳೆದುಕೊಂಡರು. ಆಮೇಲೆ ಕೆಳಗೆ ಅವನು ಉತ್ತರಕ್ಕೆ ಕಾದು ನಿಂತದ್ದನ್ನು ಕಂಡು, "ಏನಂದೆ?" ಎಂದರು.

ಬಸವರಾಜ ನನ್ನ ಕಡೆ ನೋಡಿದ. ತಿಮ್ಮಣ್ಣ ನಮ್ಮಿಬ್ಬರ ಮುಖವನ್ನೂ ನೋಡಿದರು, ಸ್ಟೇರಿಂಗ್ ಹಿಡಿದರು. ಮಂಗಳೂರಿಗೆ ಅವರು ಹೊರಟುಬಿಟ್ಟರೆ ಏನು ಮಾಡುವುದು ಎಂದು ನನಗೆ ಭಯ. ತಡೆಯುವ ಧೈರ್ಯ ನನಗಿರಲಿಲ್ಲ, ಇದನ್ನೂ ಒಪ್ಪಿಕೊಳ್ಳುತ್ತೇನೆ. ಅವರೇ ಕೆಳಗಿಳಿದರು. ಮಾಲೀಕರಿಗೆ ಫೋನು ಹಚ್ಚು ಎಂದರು. ನಾನೇ ಹೇಳಲಾ ಎಂದು ಕೈಸನ್ನೆ ಮಾಡಿದರೆ ಬೇಡವೆಂದು ತಲೆಯಾಡಿಸಿ ಫೋನು ಇಸಿದುಕೊಂಡರು.

"ಯಜಮಾನ್ರೇ, ತಿಮ್ಮಣ್ಣ. ಇವತ್ತು ನನ್ ಕೈಲಿ ಆಗಲ್ಲ. ಕಿವಿ ಕೇಳ್ತಿಲ್ಲ."

ಅತ್ತಲಿಂದ ಬಂದ ಉತ್ತರವನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಂತೆ ಮಾಡಿ, ಫೋನನ್ನು ನನ್ನ ಕಡೆ ಚಾಚಿದರು. ನಾನು ಕೇಳಿ ಫೋನು ಇಟ್ಟೆ. ನಿದ್ದೆ ಚೆನ್ನಾಗಿ ಆಗಿದೆ, ನಾನು ಹೋಗುತ್ತೇನೆ ಎಂದು ಬಸವರಾಜ ಆಗಲೇ ತನ್ನ ಬ್ಯಾಗು ಆ ಲಾರಿಗೆ ಹಾಕುತ್ತಿದ್ದ. ಅವನು ಆಗುತ್ತೆ ಎಂದರೆ ನಂಬಬಹುದು ಎಂದು ನನಗೆ ಅನಿಸಿದ್ದು ಅದೇ ಮೊದಲು.

ಯಜಮಾನರು ಏನೆಂದರು ಎಂದು ತಿಮ್ಮಣ್ಣ ಕೇಳಿದರು. ಮೊದಲು ಡಾಕ್ಟರಿಗೆ ತೋರಿಸಲಿ, ಹುಡುಗನ್ನ ಕಳಿಸಿ ಅಂದರು ಎಂದೆ.

"ಅಷ್ಟೇನಾ?"

ಮಗಳ ನಾಮಕರಣದ ದಿನ ಬಿಟ್ಟೆದ್ದ ಊಟದ ಎಲೆ ಅವರಿಗೆ ನೆನಪಾಯಿತೋ ಏನೋ, ಕಣ್ಣು ಒದ್ದೆಯಾಗಿತ್ತು.

"ಅಷ್ಟೇ ತಿಮ್ಮಣ್ಣ" ಎಂದೆ, ಅವರಿಗೆ ಕೇಳಿಸುವಷ್ಟು ಜೋರಾಗಿ.