ಹಸಿರು ಮನೆಯ ಮೇಲೊಂದು ಅನುಮಾನ

ಬಿಸಿಲು ಇನ್ನೂ ಓರೆಯಾಗಿದೆ. ಬೀದಿಯ ಅಂಗಡಿಗಳು ಷಟರ್ ಎಳೆದುಕೊಂಡು ಮಲಗಿವೆ. ಮೂರಂತಸ್ತಿನ ಕಟ್ಟಡವೊಂದರ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ, ಹೆಂಗಸೊಬ್ಬರು ಗೋಡೆಯ ಉದ್ದಕ್ಕೂ ನೋಡುತ್ತಿದ್ದಾರೆ. ಆಮೇಲೆ ಹೆಗಲಚೀಲದಿಂದ ಪುಟ್ಟ ಸುತ್ತಿಗೆ ತೆಗೆದು ಟಕ್, ಟಕ್ ಎಂದು ಎರಡೇಟು ಹಾಕಿ ಕಿವಿಗೊಡುತ್ತಾರೆ. ಒಂದು ಮಾರು ಸರಿದು ಮತ್ತೆ ಎರಡೇಟು. ಮೇಲಿನ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದ ಮನುಷ್ಯನ ಬ್ರಷ್ಷು ಬಾಯಲ್ಲೇ ನಿಲ್ಲುತ್ತದೆ.

"ಯಾರ್ರೀ ಅದು? ತೆರಿಗೆಯವ್ರಾ?"

"ಅಲ್ಲಣ್ಣ."

"ಮತ್ತೆ, ರಸ್ತೆ ಅಗಲ ಮಾಡೋರಾ?"

"ಅವರೂ ಅಲ್ಲ. ಭೂಕಂಪ ಆದ್ರೆ ಈ ಮನೆ ಎಷ್ಟು ತಡ್ಕೊಳ್ಳುತ್ತೆ ಅಂತ ನೋಡ್ತಿದ್ದೀನಿ."

"ಯಾವಾಗ ಆಗುತ್ತಂತೆ?"

"ಅದು ಗೊತ್ತಿಲ್ಲಣ್ಣ."

"ಗೊತ್ತಿಲ್ದೆ ಯಾಕ್ರೀ ಬೆಳಗ್ಗೆ ಬೆಳಗ್ಗೆ ಬಡೀತೀರಿ?" ಎಂದು ಅವರು ನೊರೆ ಉಗಿದು ಒಳಗೆ ಹೋಗುತ್ತಾರೆ. ಬಾಗಿಲಿಗೆ ಚಿಲಕ ಹಾಕಿದ ಸದ್ದು ಕೆಳಗಿನವರೆಗೂ ಕೇಳಿಸುತ್ತದೆ.

ಗಲ್ಲಿಗಳಲ್ಲಿ ಇವರಿಗೆ ಟಕ್‌ಟಕ್ ಅಕ್ಕ ಎಂದು ಹೆಸರು. ನಗರ ಯೋಜನೆ ಕಚೇರಿಯಲ್ಲಿ ಗುತ್ತಿಗೆ ನೌಕರಿ. ಕೆಲವು ವರ್ಷಗಳ ಹಿಂದೆ ನೆಲ ಒಮ್ಮೆ ನಡುಗಿ, ಅಟ್ಟದ ಪಾತ್ರೆಗಳು ಉರುಳಿ, ಊರಿಗೆ ಊರೇ ಬೀದಿಗೆ ಬಂದು ನಿಂತಿತ್ತಲ್ಲ, ಅದಾದ ಮೇಲೆ ಶುರುವಾದ ಕೆಲಸ ಇದು. ಬೀದಿ ಬೀದಿ ಸುತ್ತಿ ಪ್ರತಿ ಕಟ್ಟಡವನ್ನೂ ಕಣ್ಣಲ್ಲಿ ಅಳೆದು ಮೂರರಲ್ಲಿ ಒಂದು ಬಣ್ಣ ಕೊಡಬೇಕು. ತಡೆದುಕೊಳ್ಳುವಂಥದ್ದು ಹಸಿರು, ಅನುಮಾನದ್ದು ಹಳದಿ, ಬೀಳುವಂಥದ್ದು ಕೆಂಪು. ಆ ಬಣ್ಣಗಳೆಲ್ಲ ಸೇರಿ ನಗರದ ನಕ್ಷೆಯಾಗುತ್ತದೆ. ಯಾವ ಶಾಲೆಯನ್ನು ಮೊದಲು ಗಟ್ಟಿ ಮಾಡಬೇಕು, ಯಾವ ಬಡಾವಣೆಯಲ್ಲಿ ಇನ್ನೊಂದು ಅಂತಸ್ತಿಗೆ ಪರವಾನಗಿ ಕೊಡಬಾರದು, ಆಂಬುಲೆನ್ಸ್ ಹೋಗಲು ಯಾವ ದಾರಿ ಬಿಡಿಸಿಡಬೇಕು ಎಂಬುದನ್ನು ಆ ನಕ್ಷೆ ನೋಡಿ ತೀರ್ಮಾನಿಸುತ್ತಾರೆ.

ಪತ್ರಿಕೆಯಲ್ಲಿ ಹೊಗಳಿ ಬರೆಯೋಣ ಎಂದು ನಾನು ಇವರ ಬೆನ್ನು ಹತ್ತಿದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಚೇರಿಯ ಗೋಡೆಯ ಮೇಲೆ ಆ ನಕ್ಷೆಯನ್ನು ನೋಡಿದಾಗ ಒಂದು ವಿಷಯ ಕಣ್ಣಿಗೆ ಚುಚ್ಚಿತು. ಕೆರೆ ಮುಚ್ಚಿ ಎಬ್ಬಿಸಿದ ಒಂದು ಬಡಾವಣೆ. ಹೂಳು ತುಂಬಿದ ಮೆತ್ತನೆಯ ನೆಲ, ಭೂಮಿ ನಡುಗಿದರೆ ಹೆಚ್ಚು ತೂಗಾಡುವುದು ಅಲ್ಲೇ. ಇಡೀ ಬಡಾವಣೆ ಕೆಂಪು, ಹಳದಿ. ನಡುವೆ ಒಂದೇ ಒಂದು ಮನೆ ಹಚ್ಚಹಸಿರು. ಯಾರದ್ದು ಎಂದು ಕೇಳಿದೆ. ಟಕ್‌ಟಕ್ ಅಕ್ಕನದ್ದು ಎಂದರು. ಊರವರ ಮನೆಗೆಲ್ಲ ಕೆಂಪು ಬಳಿದು ತಮ್ಮ ಮನೆಗೆ ಹಸಿರು ಬಳಿದುಕೊಂಡಿದ್ದಾರೆ ಎಂದು ನನ್ನ ಮೂಗು ಅರಳಿತು.

ಹೀಗಾಗಿ ಅವರು ಗೋಡೆಯ ಮೇಲೆ ಅನುಮಾನಪಡುತ್ತಾ ಮುಂದೆ, ನಾನು ಅವರ ಮೇಲೆ ಅನುಮಾನಪಡುತ್ತಾ ಹಿಂದೆ. ದಿನಕ್ಕೆ ಹತ್ತು ಹನ್ನೆರಡು ಕಟ್ಟಡ ಮುಗಿಸುತ್ತಾರೆ. ಬೆಳಗಿನ ಓರೆ ಬಿಸಿಲಿಗೆ ಗೋಡೆಯ ಉಬ್ಬು, ಸಣ್ಣ ಬಿರುಕು ಎಲ್ಲ ನೆರಳು ಚೆಲ್ಲಿ ಎದ್ದು ಕಾಣುತ್ತದಂತೆ, ಅದಕ್ಕೇ ಈ ಹೊತ್ತು. ಕೆಳಗೆ ಬರೀ ಕಂಬಗಳ ಮೇಲೆ ನಿಲ್ಲಿಸಿ ಕಾರು ಬಿಟ್ಟುಕೊಂಡಿದ್ದಾರಾ, ಮೇಲಿನ ಅಂತಸ್ತನ್ನು ಬೀದಿಯ ಕಡೆ ಚಾಚಿದ್ದಾರಾ, ತಾರಸಿಯ ನೀರಿನ ಟ್ಯಾಂಕು ಎಷ್ಟು ದೊಡ್ಡದು, ಪಕ್ಕದ ಕಟ್ಟಡಕ್ಕೆ ಭುಜ ತಾಗಿಸಿಕೊಂಡು ನಿಂತಿದೆಯಾ, ಒಂದೊಂದನ್ನೂ ನೋಡುತ್ತಾರೆ.

ಜನರೂ ಕಡಿಮೆಯಿಲ್ಲ. ಸರ್ವೆಯವರು ಬರುತ್ತಾರೆಂದು ಗಾಳಿಸುದ್ದಿ ಬಂದರೆ ಸಾಕು, ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಹೊಡೆಸಿಬಿಡುತ್ತಾರೆ. "ಪಾಪ, ಅವರೇ ತೋರಿಸಿಕೊಟ್ಟ ಹಾಗೆ ಆಗುತ್ತೆ. ಇಡೀ ಗೋಡೆ ಹಳೇದು, ಒಂದು ಗೇಣು ಮಾತ್ರ ಹೊಸದಾಗಿ ಹೊಳೀತಿರುತ್ತೆ. ನಾನು ಸೀದಾ ಅಲ್ಲಿಗೇ ಹೋಗಿ ಬಡೀತೀನಿ," ಎಂದು ಅಕ್ಕ ನಗುತ್ತಾರೆ.

ಕ್ಷೌರದಂಗಡಿಯೊಂದರಲ್ಲಿ ಗೋಡೆ ಪೂರ್ತಿ ಕನ್ನಡಿ. ಅಕ್ಕ ಕನ್ನಡಿಯ ಮುಂದೆ ನಿಂತು ತಲೆ ನೇವರಿಸಿಕೊಳ್ಳುವ ನೆಪದಲ್ಲಿ ಅದರ ಅಂಚಿನೊಳಗೆ ಇಣುಕುತ್ತಾರೆ. ಅಂಗಡಿಯವನ ಕತ್ತರಿ ನಿಧಾನವಾಗುತ್ತದೆ. "ಇದರ ಹಿಂದೆ ಕಂಬ ಇತ್ತಲ್ವಾ ತಮ್ಮಾ?" ಎನ್ನುತ್ತಾರೆ. "ಇದೆ, ಇದೆ ಅಕ್ಕ. ಅರ್ಧ ಇದೆ." ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ಗಿರಾಕಿ ತಲೆಯೆತ್ತಿ ಮೇಲಿನ ಸೂರನ್ನು ನೋಡುತ್ತಾನೆ.

ಇಷ್ಟೊಂದು ಅನುಮಾನ ಎಲ್ಲಿಂದ ಬಂತು? ಅಕ್ಕ ಮೊದಲು ಕಟ್ಟಡ ಗುತ್ತಿಗೆದಾರನೊಬ್ಬನ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದರು. "ನಾನು ಕಾಗದದ ಮೇಲೆ ನೀಟಾಗಿ ಕಂಬ ಬರೀತಿದ್ದೆ. ಮನೆ ಎದ್ದ ಮೇಲೆ ನೋಡಿದ್ರೆ ಒಂದೆರಡು ಕಮ್ಮಿ. ಕೇಳಿದ್ರೆ, ಮನೆಯವರಿಗೆ ಹಾಲ್ ದೊಡ್ಡದು ಬೇಕಿತ್ತಮ್ಮ ಅನ್ನೋರು. ಆವತ್ತಿಂದ ಯಾವ ಗೋಡೆ ಕಂಡ್ರೂ ನನಗೆ ನಂಬಿಕೆ ಬರಲ್ಲ." ಕೆಲಸ ಬಿಟ್ಟು ಇಲ್ಲಿಗೆ ಬಂದರು. ಇಲ್ಲಿ ಮಳೆಗೆ ನೆನೆದಿದ್ದಾರೆ, ನಾಯಿಗಳಿಂದ ಓಡಿದ್ದಾರೆ. ಕೆಂಪು ಹಾಕಿದ ಮನೆಯ ಯಜಮಾನಿ ಮೇಲಿನಿಂದ ನೆಲ ಒರೆಸಿದ ನೀರನ್ನು ನೆತ್ತಿಗೇ ಸುರಿದದ್ದೂ ಉಂಟು. ಬಿಲ್ಡರ್‌ಗಳ ಏಜೆಂಟ್ ಎಂದು ಬೈದವರಿಗಂತೂ ಲೆಕ್ಕವಿಲ್ಲ.

ಇನ್ನು ತಡೆಯಲಾರದೆ ನಾನು ಕೇಳಿಯೇಬಿಡುತ್ತೇನೆ. ನಿಮ್ಮ ಮನೆ ಹೇಗೆ ಹಸಿರಾಯಿತು?

ಅಕ್ಕನ ಕೈಯಲ್ಲಿದ್ದ ಸುತ್ತಿಗೆ ಚೀಲಕ್ಕೆ ಹೋಗುತ್ತದೆ.

"ನಮ್ಮನೆ ನಾವೇ ನೋಡೋ ಹಾಗಿಲ್ಲ ಅಂತ ನಮ್ಮಲ್ಲಿ ನಿಯಮ. ನಮ್ಮ ಜೊತೆ ಕೆಲಸ ಮಾಡೋ ಕನ್ನಡಕದವನು ಬಂದು ನೋಡ್ಕೊಂಡು ಹೋದ. ಹಸಿರು ಕೊಟ್ಟ. ನಂಗೂ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ." ಕೆಳಗೆ ಭಾವನ, ಅಂದರೆ ಗಂಡನ ಅಣ್ಣನ, ಪರದೆ ಹೊಲಿಯುವ ಅಂಗಡಿ. ಅದರ ಮೇಲೆ ಭಾವನ ಸಂಸಾರ ಮತ್ತು ಅತ್ತೆ, ಅದರ ಮೇಲೆ ಇವರು, ಗಂಡ, ಇಬ್ಬರು ಹೆಣ್ಣುಮಕ್ಕಳು. "ಮೊನ್ನೆ ಅಂಗಡೀಲಿ ಹೊಸ ಕಟಿಂಗ್ ಮೇಜು ನೋಡಿದೆ. ಈ ಗೋಡೆಯಿಂದ ಆ ಗೋಡೆವರೆಗೂ ಇದೆ. ಅಷ್ಟುದ್ದದ ಮೇಜು ಅಲ್ಲಿ ಹಿಡಿಯೋದಾದ್ರೂ ಹೇಗೆ? ನಡುವೆ ಒಂದು ಕಂಬ ಇರಬೇಕಿತ್ತಲ್ಲ?"

ಕನ್ನಡಕದವನು ಬರುವ ಮುಂಚೆಯೇ, ಅಕ್ಕ ಮಕ್ಕಳ ಜೊತೆ ತವರಿಗೆ ಹೋಗಿದ್ದಾಗ, ಭಾವ ಅಂಗಡಿ ಅಗಲ ಮಾಡಿಸಿ, ಮೇಲೆ ಪಿಒಪಿ ಸೀಲಿಂಗ್ ಹಾಕಿಸಿ, ಏನೂ ಆಗದವರಂತೆ ಇದ್ದರು. ಅಕ್ಕ ಮಾರನೆಯ ದಿನ ಕಚೇರಿಯಲ್ಲಿ ಕನ್ನಡಕದವನನ್ನು ಹಿಡಿದು ಕೇಳಿದರು. ಅವನ ಉತ್ತರ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. "ಅಂಗಡೀಲಿ ಕೂರಿಸಿ ಟೀ ಕೊಟ್ರು, ಕುಡಿದು ಬಂದೆ ಅಕ್ಕ. ಊರಿನ ಮನೆಯೆಲ್ಲ ಬಡಿಯೋರು ನೀವು, ನೀವಿರೋ ಮನೇಲಿ ನಾನೇನು ಬಡಿಯೋದು ಅನ್ಕೊಂಡೆ." ಅವನು ಇವರನ್ನು ನಂಬಿದ್ದ, ಇವರು ಅವನನ್ನು ನಂಬಿದ್ದರು, ಮನೆಯನ್ನು ಯಾರೂ ನೋಡಿರಲಿಲ್ಲ. ಅಕ್ಕ ತಾವೇ ಮರುಪರೀಕ್ಷೆಗೆ ಕೇಳಿಕೊಂಡಿದ್ದಾರೆ. ಅದು ನಾಳೆ ಬೆಳಗ್ಗೆ. ಕೆಂಪು ಬಂದರೆ ಅಂಗಡಿ ಮುಚ್ಚಬೇಕು, ಎರಡೂ ಸಂಸಾರ ಮನೆ ಬಿಡಬೇಕು.

"ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ವಲ್ಲ?" ಎಂದು ನಾನು ಕೆಣಕುತ್ತೇನೆ. ಪತ್ರಿಕೆಯವರಿಗಾಗಿ ಆಡುತ್ತಿರುವ ನಾಟಕ ಇರಬಹುದೇ ಎಂಬ ಗುಮಾನಿ ನನಗಿನ್ನೂ ಇದೆ.

"ನಂಗೆ ಗೊತ್ತಾಗಿತ್ತಲ್ಲ. ಮೇಲೆ ಮಕ್ಕಳು ಮಲಗಿರ್ತಾರೆ, ಕೆಳಗೆ ಆ ಮೇಜು. ಕಣ್ಣಿಗೆ ನಿದ್ದೆ ಹತ್ತಬೇಕಲ್ಲ?"

ಮರುದಿನ ನಾನು ಅವರಿಗಿಂತ ಮುಂಚೆ ಹೋಗಿ ನಿಲ್ಲುತ್ತೇನೆ. ಕಚೇರಿಯ ಇಂಜಿನಿಯರಮ್ಮ ಗೋಡೆಯೊಳಗಿನ ಕಬ್ಬಿಣ ಪತ್ತೆ ಮಾಡುವ ಯಂತ್ರ ತಂದಿದ್ದಾರೆ. ಅಕ್ಕ ಒಳಗೆ ಬರುವಂತಿಲ್ಲ. ರಸ್ತೆಯ ಆಚೆ ಬದಿ, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು, ಮೊದಲ ಸಲ ಪರೀಕ್ಷೆಗೆ ಕೂತ ಮಗುವಿನ ತಾಯಿಯಂತೆ ನಿಂತಿದ್ದಾರೆ. ಭಾವ ಕೊರಳಿಗೆ ಟೇಪು ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಾರೆ.

"ಇಷ್ಟು ವರ್ಷ ನಿಂತಿದೆ, ಇನ್ನು ಬೀಳುತ್ತಾ?"

"ಭೂಮಿ ಸುಮ್ನಿದೆ, ಅದಕ್ಕೆ ನಿಂತಿದೆ. ಸ್ವಲ್ಪ ಪಕ್ಕಕ್ಕೆ ಬನ್ನಿ," ಎನ್ನುತ್ತಾರೆ ಇಂಜಿನಿಯರಮ್ಮ.

ಸೀಲಿಂಗಿನ ಒಂದು ಹಾಳೆ ಬಿಚ್ಚುತ್ತಾರೆ. ಕಂಬ ಇರಬೇಕಾದ ಜಾಗ ಖಾಲಿ. ಬದಲಿಗೆ ಒಂದು ಕಬ್ಬಿಣದ ತೊಲೆ, ಅದರ ಎರಡು ತುದಿಗಳೂ ಬರೀ ಇಟ್ಟಿಗೆ ಗೋಡೆಯ ಮೇಲೆ ಕೂತಿವೆ. ಒಂದು ತುದಿಯ ಕೆಳಗೆ ಇಟ್ಟಿಗೆ ಆಗಲೇ ಬಿರಿದಿದೆ. ಮೇಲಿನಿಂದ ಹುಡುಗಿಯರು ಓಡಾಡುವ ಸದ್ದು ಕೇಳುತ್ತಿದೆ. ಅಕ್ಕನನ್ನು ನಾನು ಅನುಮಾನಿಸಿದ್ದು ತಪ್ಪು, ಬೇರೆ ಮಾತಿಲ್ಲ.

ಮನೆ ಕೆಂಪಾಗುತ್ತದೆ. ಆ ಸಂಜೆಯೇ ಅಂಗಡಿಯ ತುಂಬ ಸೂರಿಗೆ ಕೊಟ್ಟ ಕಬ್ಬಿಣದ ಆಸರೆಗಳು ನಿಲ್ಲುತ್ತವೆ, ಎರಡೂ ಸಂಸಾರ ಪಕ್ಕದ ಬೀದಿಯ ಒಂದು ಬಾಡಿಗೆ ಮನೆಗೆ ಸೇರುತ್ತವೆ. ಭಾವ ಅಕ್ಕನ ಜೊತೆ ಮಾತು ಬಿಡುತ್ತಾರೆ. ಹೇಳುವುದೆಲ್ಲ ಹೆಂಡತಿಯ ಕಡೆ ತಿರುಗಿ, ಅಕ್ಕನಿಗೆ ಕೇಳಿಸುವ ಹಾಗೆ. "ಊರಿಗೆಲ್ಲ ಬಣ್ಣ ಹಚ್ಚಿ ಸಾಕಾಗ್ಲಿಲ್ಲ ಅಂತ ಕಾಣುತ್ತೆ. ಮನೆಗೂ ಹಚ್ಚಿದ್ಲು." ಅತ್ತೆ ಮಾತ್ರ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತಾರಂತೆ.

ಕೆಲವು ವಾರ ಬಿಟ್ಟು ಮತ್ತೆ ಹೋಗುತ್ತೇನೆ. ನಿಜವಾಗಿ ಕಂಬ ಎಬ್ಬಿಸುತ್ತಿದ್ದಾರೋ, ಆಸರೆ ತೆಗೆದು ಮತ್ತೆ ಸೀಲಿಂಗ್ ಮುಚ್ಚಿದ್ದಾರೋ ಎಂದು ಖಾತ್ರಿ ಮಾಡಿಕೊಳ್ಳಲು. ಮೇಜನ್ನು ಎರಡು ತುಂಡು ಮಾಡಿ ಗೋಡೆಗೆ ಒರಗಿಸಿದ್ದಾರೆ. ನಡುವೆ ಹೊಸ ಕಂಬದ ಕಬ್ಬಿಣ ಕಟ್ಟಿ ನಿಲ್ಲಿಸಿದೆ, ಸುತ್ತ ಹಲಗೆ ಬಡಿದು ಕಾಂಕ್ರೀಟು ಸುರಿಯುವುದೊಂದೇ ಬಾಕಿ. ಅಕ್ಕ ಹೊಸ್ತಿಲಾಚೆ ನಿಂತು ಒಳಗೆ ನೋಡುತ್ತಿದ್ದಾರೆ.

ಆಸೆ ಏನಾದರೂ ಇದೆಯಾ ಎಂದು ನಮ್ಮ ಕಸುಬಿನ ಮಾಮೂಲಿ ಪ್ರಶ್ನೆ ಕೇಳುತ್ತೇನೆ. "ಕೆಂಪು ಹಾಕಿದ್ರೆ ಜಗಳಕ್ಕೆ ಹತ್ತು ಜನ ಬರ್ತಾರೆ. ಹಸಿರು ಹಾಕಿದ್ರೆ ಯಾಕೆ ಹಾಕಿದ್ರಿ ಅಂತ ಇವತ್ತಿನವರೆಗೂ ಒಬ್ರೂ ಕೇಳಿಲ್ಲ. ನಾನು ಹಸಿರು ಕೊಟ್ಟ ಮನೇನೆಲ್ಲ ಇನ್ಯಾರಾದ್ರೂ ಬಂದು ಇನ್ನೊಂದ್ಸಲ ಬಡೀಬೇಕು. ಅಷ್ಟೇ." ನನ್ನ ಮನೆಯೂ ಹಸಿರು ಎಂಬುದು ನನಗೆ ಆಗ ನೆನಪಾಗುತ್ತದೆ. ಯಾರು ನೋಡಿದ್ದು ಎಂದು ವಿಚಾರಿಸಿರಲಿಲ್ಲ.

ಒಳಗೆ ಭಾವನ ಗದ್ದಲ. ಹಲಗೆ ಎತ್ತಿಕೊಂಡು ಬಂದ ಮೇಸ್ತ್ರಿಯನ್ನು ತಡೆದು ನಿಲ್ಲಿಸಿ, ಹೊಲಿಗೆಯ ಟೇಪಿನಿಂದಲೇ ಕಬ್ಬಿಣದ ಸುತ್ತ ಕಟ್ಟಿದ ಬಳೆಗಳ ಅಂತರ ಅಳೆಯುತ್ತಿದ್ದಾರೆ. "ಇಲ್ಲಿ ಹತ್ರ ಹತ್ರ ಇದೆ, ಮೇಲೆ ಯಾಕೆ ದೂರ ದೂರ ಕಟ್ಟಿದ್ದೀಯ? ನೋಡದೆ ಮುಚ್ಚಬೇಡ, ಹೇಳಿದೀನಿ." ಮೇಸ್ತ್ರಿ ಏನೋ ಸಮಜಾಯಿಷಿ ಕೊಡುತ್ತಾನೆ. ಭಾವನಿಗೆ ಸಮಾಧಾನವಿಲ್ಲ. ಅಭ್ಯಾಸಬಲದಿಂದ ಹೆಂಡತಿಗಾಗಿ ಅತ್ತಿತ್ತ ನೋಡುತ್ತಾರೆ, ಆಕೆ ಅಲ್ಲಿಲ್ಲ. ಕೊನೆಗೆ ಹೊಸ್ತಿಲ ಕಡೆ ತಿರುಗುತ್ತಾರೆ.

"ಬಾಮ್ಮ. ಮುಚ್ಚೋ ಮುಂಚೆ ನೀನೇ ಒಂದ್ಸಲ ನೋಡು."

ಅಕ್ಕ ಕಣ್ಣು ಒರೆಸಿಕೊಳ್ಳುತ್ತಾರೆ. ಹೊಸ್ತಿಲು ಮಾತ್ರ ದಾಟುವುದಿಲ್ಲ.

"ನಮ್ಮನೆ ನಾನು ನೋಡೋ ಹಾಗಿಲ್ಲ ಭಾವ. ಕನ್ನಡಕದವನನ್ನ ಕಳಿಸ್ತೀನಿ."

"ಯಾರು, ಆ ಟೀ ಕುಡಿದು ಹೋದವನಾ?"

"ಅವನೇ. ಈ ಸಲ ಕಂಬ ನೋಡಿ ಮುಗಿಸೋವರೆಗೂ ಟೀ ಕೊಡಬೇಡಿ."